ಸೊಪ್ಪಿನ ಸಾರ ಯಾವುದಕ್ಕೆ ಇಳಿಯುತ್ತದೆ? ಮನೆಯಲ್ಲಿ ಕಷಾಯ, ಎಣ್ಣೆ ಮಾಡುವವರಿಗೆ

ಒಂದು ಲೋಟ ನೀರಿಗೆ ಅರ್ಧ ಚಮಚ ಅರಿಶಿನ ಹಾಕಿ ಕಲಕಿ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟುಬಿಡಿ. ಮೇಲಿನ ನೀರು ತಿಳಿಯಾಗುತ್ತಾ ಬರುತ್ತದೆ, ಪುಡಿಯೆಲ್ಲ ಕೆಳಗೆ ಗಸಿಯಾಗಿ ಕೂರುತ್ತದೆ. ಈಗ ಒಗ್ಗರಣೆ ಸೌಟಿನಲ್ಲಿ ಒಂದು ಚಮಚ ತುಪ್ಪ ಬೆಚ್ಚಗೆ ಮಾಡಿ ಚಿಟಿಕೆ ಅರಿಶಿನ ಹಾಕಿ. ತುಪ್ಪವೇ ಹಳದಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಬಣ್ಣ ಹೋಗುವುದಿಲ್ಲ.

ಅರಿಶಿನದ ಬಣ್ಣಕ್ಕೂ ಅದರ ಬಹುಪಾಲು ಗುಣಕ್ಕೂ ಕಾರಣವಾದದ್ದು ಕರ್ಕ್ಯುಮಿನ್. ಅದು ನೀರಿಗೆ ಇಳಿಯುವುದಿಲ್ಲ, ಕೊಬ್ಬಿಗೆ ಇಳಿಯುತ್ತದೆ. ಕೆಮ್ಮು ಬಂದಾಗ ಮನೆಯ ಹಿರಿಯರು ಅರಿಶಿನವನ್ನು ನೀರಲ್ಲಿ ಕೊಡದೆ ಹಾಲಲ್ಲಿ ಕಾಯಿಸಿ ಕೊಡುತ್ತಿದ್ದರು ಅಲ್ವಾ? ಹಾಲಿನಲ್ಲಿ ಕೊಬ್ಬಿದೆ. ಮೇಲಿಂದ ಎರಡು ಕಾಳು ಮೆಣಸು ಕುಟ್ಟಿ ಹಾಕುತ್ತಿದ್ದರು. ಅದಕ್ಕೂ ಅರ್ಥವಿದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಜನರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಅದು ಸಿಕ್ಕಿದ್ದೇ ಕಷ್ಟ. ಜೊತೆಗೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಮೈಗೆ ಹತ್ತುವ ಪ್ರಮಾಣ ಸುಮಾರು 20 ಪಟ್ಟು ಏರಿತು.

ಯಾವ ಸೊಪ್ಪು ಯಾವ ಕಾಯಿಲೆಗೆ ಅಂತ ಎಲ್ಲರೂ ಕೇಳುತ್ತಾರೆ. ಅದರ ಸಾರ ಯಾವುದಕ್ಕೆ ಇಳಿಯುತ್ತದೆ ಅಂತ ಕೇಳುವವರು ಕಡಿಮೆ. ನೀರಿಗೋ, ಎಣ್ಣೆಗೋ? ತಣ್ಣೀರಿಗೋ, ಕುದಿನೀರಿಗೋ? ಇದು ಗೊತ್ತಿಲ್ಲದೆ ಒಲೆ ಹಚ್ಚಿದರೆ ಒಳ್ಳೆಯ ಸೊಪ್ಪು ಹಾಳು, ಗ್ಯಾಸೂ ದಂಡ. ಮನೆಯಲ್ಲಿ ಮಾಡುವವರಿಗೆ ಬೇಕಾದಷ್ಟನ್ನು ಹಂತ ಹಂತವಾಗಿ ಬರೆಯುತ್ತೇನೆ.

ಮೊದಲು ಗಿಡ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಈ ಹಂತದಲ್ಲಿ ತಪ್ಪಿದರೆ ಮುಂದಿನದ್ದಕ್ಕೆ ಅರ್ಥವೇ ಇಲ್ಲ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ಕೆತ್ತೆ (ತೊಗಟೆ) ತಂದು, ಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ಕಾಯಿಸಿದ ಬಿಳಿಕಲ್ಲನ್ನು ರಸಕ್ಕೆ ಹಾಕಿ ಒಗ್ಗರಿಸಿ, ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ. ಈ ಕೆತ್ತೆಯಲ್ಲಿ ಎಕಿಟಮಿನ್ ಮತ್ತು ಅದರ ಜಾತಿಯ, ಗಿಡಗಳೇ ತಯಾರಿಸುವ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳಿವೆ, ಅದಕ್ಕೇ ಆ ಪರಿ ಕಹಿ. ಆದರೆ ಕತ್ತಲಲ್ಲಿ ಹಾಲೆ ಅಂತ ಕಾಸರಕದ ತೊಗಟೆ ಕೆತ್ತಿಕೊಂಡು ಬಂದರೆ? ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್. ಅದೂ ಕಹಿಯೇ. ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೈ ಸೆಟೆದು, ಉಸಿರು ಕಟ್ಟಿ ಜೀವ ಹೋಗುವಂಥ ವಿಷ ಅದು.

ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಗುಂಪಾಗಿ, ಸಾಮಾನ್ಯವಾಗಿ ಏಳರ ಆಸುಪಾಸು, ಕೊಡೆ ಬಿಚ್ಚಿದ ಹಾಗೆ ಇರುತ್ತವೆ. ಸಪ್ತಪರ್ಣಿ ಅನ್ನುವ ಹೆಸರು ಬಂದದ್ದೇ ಇದರಿಂದ. ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಎಲೆಯ ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಹಾಗಂತ ಹಾಲು ಬಂದದ್ದೆಲ್ಲ ಹಾಲೆ ಅಲ್ಲ. ಹಾಲು ಒಸರುವ ವಿಷದ ಮರಗಳೂ ಇವೆ. ಹಗಲಲ್ಲೇ ಮರ ನೋಡಿ, ಗೊತ್ತಿರುವವರಿಂದ ಖಾತ್ರಿ ಮಾಡಿಸಿ, ಗುರುತಿಗೆ ಒಂದು ದಾರ ಕಟ್ಟಿ ಬನ್ನಿ. ಬೆಳಗಿನ ಜಾವ ಆ ದಾರ ಮುಟ್ಟಿ ನೋಡಿಯೇ ಕೆತ್ತಿ.

ಹೆಸರಿನ ಗೊಂದಲ ಇನ್ನೊಂದು. 'ಬ್ರಾಹ್ಮಿ' ಅಂತ ಕೇಳಿದರೆ ಒಬ್ಬರು ಒಂದೆಲಗ ಕೊಡುತ್ತಾರೆ, ಮತ್ತೊಬ್ಬರು ನೀರುಬ್ರಾಹ್ಮಿ ಕೊಡುತ್ತಾರೆ. ಒಂದೆಲಗಕ್ಕೆ ತುಳುವಿನಲ್ಲಿ ತಿಮರೆ. ದುಂಡಗಿನ ಎಲೆ, ಉದ್ದ ತೊಟ್ಟು, ನೆಲಕ್ಕೆ ಹಬ್ಬುವ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಇದರಲ್ಲಿರುವುದು ಏಷಿಯಾಟಿಕೋಸೈಡ್. ನೀರುಬ್ರಾಹ್ಮಿ ಬಕೋಪಾ ಮೊನಿಯೆರಿ. ದಪ್ಪನೆಯ ಪುಟ್ಟ ಎಲೆ, ಜವುಗಿನ ಗಿಡ. ಅದರಲ್ಲಿರುವುದು ಬಕೋಸೈಡ್‌ಗಳು. ಎರಡೂ ಒಳ್ಳೆಯ ಗಿಡಗಳೇ, ಆದರೆ ಒಂದೇ ಅಲ್ಲ. ಊರಿನ ಹೆಸರಿನ ಜೊತೆ ಸಸ್ಯಶಾಸ್ತ್ರದ ಹೆಸರನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಎಲ್ಲಿಂದ ಕೊಯ್ಯಬೇಕು

ರಸ್ತೆ ಬದಿ, ಚರಂಡಿ ಪಕ್ಕ ಬೇಡ. ಇದು ಎಲ್ಲರಿಗೂ ಗೊತ್ತು. ಅಡಿಕೆ ತೋಟ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಮಳೆಗಾಲದಲ್ಲಿ ತೋಟದಲ್ಲಿ ಒಂದೆಲಗ ಸೊಂಪಾಗಿ ಹಬ್ಬಿರುತ್ತದೆ. ಅದೇ ಸಮಯಕ್ಕೆ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮರದಿಂದ ಇಳಿದದ್ದೆಲ್ಲ ಕೆಳಗಿನ ಎಲೆಯ ಮೇಲೆ. ಎಲೆ ಮೇಲೆ ನೀಲಿ ಛಾಯೆಯ ಒಣ ಚುಕ್ಕೆ ಕಂಡರೆ ಕೊಯ್ಯಲೇಬೇಡಿ. ಮನೆ ಹಿಂದೆ ಬಚ್ಚಲ ನೀರು ಹೋಗದ ಜಾಗದಲ್ಲಿ ಒಂದು ಪಾತಿ ಮಾಡಿಕೊಂಡರೆ ವರ್ಷಪೂರ್ತಿ ನೆಮ್ಮದಿ.

ತೊಳೆಯುವಾಗ ಒಂದೊಂದೇ ಎಲೆ ಬಿಡಿಸಿ, ಮೂರು ನೀರಲ್ಲಿ ತೊಳೆಯಿರಿ. ಒಣಗಿಸಿ ಇಡುವುದಾದರೆ ನೆರಳಲ್ಲಿ, ಗಾಳಿಯಾಡುವ ಕಡೆ ಹರಡಿ. ಘಮ ಇರುವ ಸೊಪ್ಪನ್ನು ಬಿಸಿಲಿಗೆ ಹಾಕಿದರೆ ಎಲೆ ಉಳಿಯುತ್ತದೆ, ಘಮ ಹಾರಿಹೋಗುತ್ತದೆ. ಕೈಯಲ್ಲಿ ಹಿಡಿದರೆ ಗರಗರ ಅಂತ ಪುಡಿಯಾಗಬೇಕು. ಬಾಗುತ್ತಿದ್ದರೆ ಇನ್ನೂ ನೀರಿದೆ, ಡಬ್ಬಕ್ಕೆ ಹಾಕಿದರೆ ಬೂಸ್ಟು ಬರುತ್ತದೆ.

ಸಾರ ತೆಗೆಯುವ ದಾರಿ ಆರಿಸಿಕೊಳ್ಳಿ

ಆಯುರ್ವೇದದಲ್ಲಿ ಐದು ದಾರಿ ಹೇಳಿದ್ದಾರೆ. ಹಸಿ ಸೊಪ್ಪು ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿ ಬತ್ತಿಸಿದ ಕಷಾಯ, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದ ಹಿಮ, ಬಿಸಿನೀರು ಹೊಯ್ದು ಮುಚ್ಚಿಟ್ಟ ಫಾಂಟ. ಸುಮ್ನೆ ಹೆಸರಿನ ಪಟ್ಟಿ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು. ಒಂದೊಂದು ದಾರಿ ಒಂದೊಂದು ಬಗೆಯ ರಾಸಾಯನಿಕಕ್ಕೆ ಹೊಂದುತ್ತದೆ.

ಮೂಗಿಗೆ ಹಿಡಿದು ನೋಡಿ. ಎಲೆ ಮುರಿದಾಗ ಘಮ್ಮೆನ್ನುತ್ತದೆಯೇ? ಹಾಗಾದರೆ ಅದರ ಸತ್ವ ಆವಿಯಾಗುವ ಎಣ್ಣೆಯಲ್ಲಿದೆ. ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಇವೆ. ಓಮದ ಕಾಳಿನ ಘಾಟು ಬರುವುದೂ ಥೈಮಾಲ್‌ನಿಂದಲೇ. ಎರಡರ ವಾಸನೆ ಹತ್ತಿರ ಹತ್ತಿರ ಇರುವುದು ಅದಕ್ಕೇ. ತುಳಸಿಯಲ್ಲಿ ಯೂಜಿನಾಲ್, ಲವಂಗದಲ್ಲೂ ಅದೇ. ಇಂಥ ಸೊಪ್ಪನ್ನು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದರೆ ಮನೆಯೆಲ್ಲ ಘಮಘಮ ಅನ್ನುತ್ತದೆ. ಆ ಘಮವೇ ಮದ್ದು, ಅದು ಲೋಟದಲ್ಲಿ ಇರಬೇಕಿತ್ತು.

ಇದಕ್ಕೆ ಫಾಂಟ ಸರಿ. ಹತ್ತು ತುಳಸಿ ಎಲೆ ಅಥವಾ ಎರಡು ದೊಡ್ಡಪತ್ರೆ ಎಲೆ ಕೈಯಲ್ಲಿ ಹರಿದು ಸ್ಟೀಲ್ ಪಾತ್ರೆಗೆ ಹಾಕಿ. ಕುದಿಯುವ ನೀರು ಒಂದು ಲೋಟ ಹೊಯ್ಯಿರಿ, ತಕ್ಷಣ ತಟ್ಟೆ ಮುಚ್ಚಿ. ಹತ್ತು ನಿಮಿಷ ತೆಗೆಯಬೇಡಿ. ತೆಗೆಯುವಾಗ ತಟ್ಟೆಯ ಒಳಮೈ ನೋಡಿ, ಮುತ್ತಿನ ಹಾಗೆ ಹನಿ ಕಟ್ಟಿರುತ್ತವೆ. ಬೆರಳಿಗೆ ಒಂದು ಹನಿ ಮುಟ್ಟಿಸಿಕೊಂಡು ಮೂಸಿ. ನೀರಿಗಿಂತ ಅದೇ ಜಾಸ್ತಿ ಘಾಟಾಗಿರುತ್ತದೆ. ಆ ಹನಿಗಳನ್ನು ಚೆಲ್ಲಬೇಡಿ, ತಟ್ಟೆ ವಾಲಿಸಿ ಲೋಟಕ್ಕೇ ಇಳಿಸಿ.

ಶಾಖಕ್ಕೆ ಕೆಡುವ ಮದ್ದು ಇದೆ ಅನ್ನುವುದಕ್ಕೆ ಚೀನಾದ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ತೂ ಯೂಯೂ ಅವರ ತಂಡ ಆರ್ಟಿಮಿಸಿಯಾ ಗಿಡದ ಸಾರ ತೆಗೆದರೆ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. 4ನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿದ್ದ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ ಅಂತ ಅಲ್ಲಿತ್ತು. ಕುದಿಸು ಅಂತ ಇರಲಿಲ್ಲ. ಅವರು ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ 1971ರಲ್ಲಿ ಸಾರ ತೆಗೆದರು, ಮದ್ದು ಉಳಿಯಿತು. ಆರ್ಟಿಮಿಸಿನಿನ್‌ಗಾಗಿ 2015ರಲ್ಲಿ ನೊಬೆಲ್ ಬಂತು.

ನಮ್ಮಲ್ಲಿ ನೆನೆಸುವ ದಾರಿಗೆ ಸುಲಭದ್ದು ಕೊತ್ತಂಬರಿ ಬೀಜ. ಒಂದು ಪಾಲು ಬೀಜ ಜಜ್ಜಿ, ಆರು ಪಾಲು ನೀರಲ್ಲಿ ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಕಿವುಚಿ ಸೋಸಿ. ಬೇಸಿಗೆಯಲ್ಲಿ ಮೈ ಉರಿಗೆ ಹಿತ. ಲಾವಂಚದ ಬೇರನ್ನೂ ಹೀಗೇ ಮಾಡಬಹುದು.

ಒಂದೆಲಗವನ್ನು ಹಸಿಯಾಗಿ ಅರೆಯುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಂದರೆ ತಂಬುಳಿ. ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು, ತೆಂಗಿನತುರಿ, ಹಿಡಿ ಸೊಪ್ಪು ಸೇರಿಸಿ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿ. ನೀರಿಗೆ ಇಳಿಯುವುದು ಮಜ್ಜಿಗೆಗೆ, ಕೊಬ್ಬಿಗೆ ಇಳಿಯುವುದು ತೆಂಗು, ತುಪ್ಪಕ್ಕೆ. ಸೋಸಿ ಎಸೆಯುವ ಚರಟವೂ ಇಲ್ಲ. ಇಷ್ಟು ಅಚ್ಚುಕಟ್ಟಾದ ಪಾಕ ಬೇರೊಂದು ನನಗೆ ಗೊತ್ತಿಲ್ಲ.

ಕಷಾಯ ಬತ್ತಿಸುವುದು

ಗಟ್ಟಿ ಕಾಂಡ, ಬೇರು, ತೊಗಟೆ, ಒಣ ಕಾಯಿ ಇವಕ್ಕೆ ಕುದಿ ಬೇಕು. ಮೆತ್ತಗಿನದಕ್ಕೆ ನಾಲ್ಕು ಪಾಲು ನೀರು, ಮಧ್ಯಮದ್ದಕ್ಕೆ ಎಂಟು, ಗಟ್ಟಿಯದಕ್ಕೆ ಹದಿನಾರು. ಎಲ್ಲವೂ ಕಾಲು ಭಾಗಕ್ಕೆ ಇಳಿಯಬೇಕು. ಕಣ್ಣಳತೆ ಬೇಡ. 25 ಗ್ರಾಂ ಒಣ ತೊಗಟೆಗೆ 400 ಮಿಲಿ ನೀರು ಹಾಕಿದರೆ ಕೊನೆಗೆ 100 ಮಿಲಿ ಉಳಿಯಬೇಕು. ಹಸಿಯದಾದರೆ ಒಣಗಿದ್ದರ ಎರಡರಷ್ಟು ತೂಕ ತಗೊಳ್ಳಿ. ಮೊದಲೇ 100 ಮಿಲಿ ನೀರು ಪಾತ್ರೆಗೆ ಹಾಕಿ, ಒಂದು ಕಡ್ಡಿ ಅದ್ದಿ, ನೀರಿನ ಮಟ್ಟಕ್ಕೆ ಗೆರೆ ಎಳೆದಿಟ್ಟುಕೊಳ್ಳಿ. ಕುದಿಯುವಾಗ ಅದೇ ಕಡ್ಡಿ ಅದ್ದಿ ನೋಡಿದರಾಯಿತು. ಸಣ್ಣ ಉರಿ, ತೆರೆದ ಪಾತ್ರೆ. ಇಲ್ಲಿ ಹಾರಿಹೋಗುವ ಘಮವಿಲ್ಲ, ಹಾಗಾಗಿ ಮುಚ್ಚಳ ಬೇಕಾಗಿಲ್ಲ.

ನೀರಿಗೆ ಸಾರ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂದರೆ ಆಗಸ್ಟ್ ಮೊದಲ ವಾರ ಕೊಡಗಿಗೆ ಹೋಗಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದ್ ಸೊಪ್ಪು ಕುದಿಸುತ್ತಾರೆ. ಹಸಿರು ಸೊಪ್ಪು ಹಾಕಿದ ನೀರು ನೋಡನೋಡುತ್ತಲೇ ಕಡು ನೇರಳೆಗೆ ತಿರುಗುತ್ತದೆ, ಅದರದ್ದೇ ಒಂದು ಪರಿಮಳ ಏಳುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ ಪಾಯಸ. ಉಂಡ ಮಾರನೆಯ ದಿನ ಮೂತ್ರಕ್ಕೂ ಕೆಂಪು ಬಣ್ಣ ಬರುತ್ತದೆ. ಮೊದಲ ಸಲ ತಿಂದವರು ಗಾಬರಿಯಾಗುತ್ತಾರೆ, ಆದರೆ ಅದು ಸೊಪ್ಪಿನ ಬಣ್ಣ ಅಷ್ಟೇ.

ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ. ನೆಲ್ಲಿಕಾಯಿ, ಅಳಲೆಕಾಯಿಯಂಥ ಒಗರಿನ ಕಾಯಿಗಳಲ್ಲಿ ಟ್ಯಾನಿನ್ ಇದೆ. ಕಬ್ಬಿಣದ ಬಾಣಲೆಗೆ ಹಾಕಿದರೆ ಮಸಿಯ ಹಾಗೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ತಲೆಗೆ ಹಚ್ಚಲು ಬೇಕಾದರೆ ಕಬ್ಬಿಣವೇ ಸರಿ. ಕುಡಿಯಲಾದರೆ ಬೇಡ.

ಎಣ್ಣೆ ಕಾಯಿಸುವುದು

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದ ಕೆಲಸ ಇದು. ನನ್ನ ಮೊದಲ ಗರುಗದ (ಭೃಂಗರಾಜದ) ಎಣ್ಣೆ ಮೂರೇ ವಾರಕ್ಕೆ ಕಮಟು ವಾಸನೆ ಬಂದು, ತಳದಲ್ಲಿ ಬಿಳಿ ಪೊರೆ ಕಟ್ಟಿ ಹಾಳಾಯಿತು. ಎರಡು ತೆಂಗಿನಮರದ ಎಣ್ಣೆ ಅದು. ಬಹಳ ಬೇಜಾರಾಗಿತ್ತು. ನೀರು ಪೂರ್ತಿ ಹೋಗುವ ಮೊದಲೇ ಒಲೆಯಿಂದ ಇಳಿಸಿದ್ದೇ ತಪ್ಪು.

ಹಳೆಯ ಅಳತೆ ಒಂದು ಪಾಲು ಅರೆದ ಸೊಪ್ಪು, ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ರಸ. ಮನೆಯಲ್ಲಿ ಅಷ್ಟೊಂದು ರಸ ಹಿಂಡುವುದು ಕಷ್ಟ. ನಾನು 50 ಗ್ರಾಂ ಅರೆದ ಗರುಗ, 200 ಮಿಲಿ ಕೊಬ್ಬರಿ ಎಣ್ಣೆ, 400 ಮಿಲಿ ರಸ ಹಾಕುತ್ತೇನೆ. ದಪ್ಪ ತಳದ, ಎತ್ತರದ ಪಾತ್ರೆ ಇಡಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಉಕ್ಕುತ್ತದೆ.

ಎಣ್ಣೆಯಲ್ಲಿ ನೀರಿರುವ ತನಕ ಬಿಸಿ ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತದೆ, ಸೊಪ್ಪು ಸುಡುವುದಿಲ್ಲ. ನೀರು ಮುಗಿದ ಕ್ಷಣದಿಂದ ಬಿಸಿ ಸರ್ರನೆ ಏರುತ್ತದೆ. ಎರಡು ನಿಮಿಷ ಆಚೆ ಹೋಗಿ ಬಂದರೆ ಕರಕಲು. ಹಾಗಾಗಿ ಕೊನೆಯ ಹದಿನೈದು ನಿಮಿಷ ಒಲೆ ಬಿಟ್ಟು ಕದಲಬೇಡಿ, ಫೋನ್ ಬಂದರೂ ಅಷ್ಟೇ.

ಹದ ಬಂತೋ ಇಲ್ಲವೋ ಅಂತ ಕಿವಿ, ಬೆರಳು, ಕಣ್ಣು ಮೂರರಿಂದಲೂ ನೋಡಬೇಕು. ಗುಳುಗುಳು ಸದ್ದು ಕಡಿಮೆಯಾಗುತ್ತಾ ಬರುತ್ತದೆ. ಆಗ ಸೌಟಿನಿಂದ ಸ್ವಲ್ಪ ಗಸಿ ತೆಗೆದು, ಆರಿಸಿ, ಎರಡು ಬೆರಳ ನಡುವೆ ಹೊಸೆಯಿರಿ. ದೀಪದ ಬತ್ತಿಯ ಹಾಗೆ ಸುರುಳಿಯಾದರೆ ಹದ ಹತ್ತಿರ. ಕೈಗೆ ಅಂಟಿದರೆ ಇನ್ನೂ ನೀರಿದೆ. ಹುಡಿಹುಡಿಯಾದರೆ ಮೀರಿತು. ಮೇಲೆ ನೊರೆ ಏಳುವುದೂ ಒಂದು ಗುರುತು. ತುಪ್ಪ ಕಾಯಿಸುತ್ತಿದ್ದರೆ ಉಲ್ಟಾ, ಅದರಲ್ಲಿ ನೊರೆ ಅಡಗಿದಾಗ ಹದ. ಕೊನೆಗೆ ಒಂದು ಹತ್ತಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಲೆಯಿಂದ ದೂರ ಹೋಗಿ ಹಚ್ಚಿ. ಚಟಪಟ ಅಂದರೆ ನೀರಿದೆ. ಸದ್ದಿಲ್ಲದೆ ಉರಿದರೆ ಇಳಿಸಿ. ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಸೋಸಿ. ಹಿಂಡುವಾಗ ಕೊನೆಯಲ್ಲಿ ಬರುವ ಕದಡಿದ್ದನ್ನು ಬೇರೆ ಇಟ್ಟು ಮೊದಲು ಅದನ್ನೇ ಬಳಸಿ ಮುಗಿಸಿ.

ಹಸಿ ಬೆಳ್ಳುಳ್ಳಿಯನ್ನೋ ಹಸಿ ಸೊಪ್ಪನ್ನೋ ಕಾಯಿಸದೆ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗೆ ಇಡಬೇಡಿ. ಗಾಳಿ ಸಿಗದ ಆ ಎಣ್ಣೆಯಡಿ ಬಾಟ್ಯುಲಿಸಂ ಎಂಬ ಜೀವಕ್ಕೇ ಕುತ್ತಾಗುವ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆಯಿಂದ ಅದು ಗೊತ್ತಾಗುವುದೂ ಇಲ್ಲ.

ಲೋಳೆಸರಕ್ಕೆ ಒಂದು ಮಾತು

ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಕೆಳಗಿಂದ ಹಳದಿ ರಸ ಇಳಿಯುತ್ತದೆ. ಅದರಲ್ಲಿ ಅಲೋಯಿನ್ ಇದೆ, ಜೋರಾಗಿ ಭೇದಿ ಆಗಿಸುತ್ತದೆ. ಎಲೆಯನ್ನು ಕತ್ತರಿಸಿದ ಬದಿ ಕೆಳಗೆ ಮಾಡಿ ಅರ್ಧ ಗಂಟೆ ಲೋಟದಲ್ಲಿ ನಿಲ್ಲಿಸಿ. ಹಳದಿ ಪೂರ್ತಿ ಸೋರಿದ ಮೇಲೆ ಸಿಪ್ಪೆ ತೆಗೆದು, ಒಳಗಿನ ಗಾಜಿನಂಥ ತಿರುಳನ್ನು ಎರಡು ಸಲ ತೊಳೆದು ಬಳಸಿ.

ಯಾರಿಗೆ ಬೇಡ

ಗಿಡದಲ್ಲಿ ಗುಣ ಇದೆ ಅಂತ ನಂಬುವವರು ಅದು ತೊಂದರೆಯನ್ನೂ ಕೊಡಬಲ್ಲದು ಅಂತ ನಂಬಲೇಬೇಕು. ಆಡುಸೋಗೆಯ ವ್ಯಾಸಿಸಿನ್ ಕಫ ಸಡಿಲಿಸುತ್ತದೆ. ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಅದರ ಜಾಡು ಹಿಡಿದು. ಅದೇ ವ್ಯಾಸಿಸಿನ್ ಗರ್ಭಕೋಶವನ್ನೂ ಹಿಂಡುತ್ತದೆ. ಬಸುರಿಯರಿಗೆ ಆಡುಸೋಗೆ ಕಷಾಯ ಕೊಡಲೇಬಾರದು.

ಅಮೃತಬಳ್ಳಿಯನ್ನು ಕೊರೋನಾ ಕಾಲದಲ್ಲಿ ಜನ ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಹೀಗೆ ಕುಡಿದ ಕೆಲವರಲ್ಲಿ ಲಿವರ್ ಪೆಟ್ಟು ತಿಂದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಬಳಸಿರಬಹುದು ಅಂದಿತು. ವಾದ ಏನೇ ಇರಲಿ, ಲಿವರ್ ತೊಂದರೆ ಇರುವವರು ಅದರ ತಂಟೆಗೆ ಹೋಗಬೇಡಿ. ಉಳಿದವರೂ ದಿನಾ ಕುಡಿಯುವ ಟೀ ಥರ ಮಾಡಿಕೊಳ್ಳಬೇಡಿ. ಅರಿಶಿನವೂ ಅಡುಗೆಯಲ್ಲಿ ಇರುವಷ್ಟಕ್ಕೆ ಸಾಕು. ಗಟ್ಟಿ ಸಾರದ ಮಾತ್ರೆಯಾಗಿ, ಪೈಪರಿನ್ ಸೇರಿಸಿ ತಗೊಂಡವರಲ್ಲೂ ಲಿವರ್ ಕೆಟ್ಟ ವರದಿಗಳಿವೆ. ಪೈಪರಿನ್ ಅರಿಶಿನವನ್ನು ಮಾತ್ರ ರಕ್ತಕ್ಕೆ ತಳ್ಳುವುದಿಲ್ಲ, ಫಿನಿಟಾಯಿನ್‌ನಂಥ ಮೂರ್ಛೆ ಮಾತ್ರೆಯ ಪ್ರಮಾಣವನ್ನೂ ಏರಿಸುತ್ತದೆ. ದಿನಾ ಮಾತ್ರೆ ತಗೊಳ್ಳುವವರು, ಅದರಲ್ಲೂ ರಕ್ತ ತೆಳುವಾಗಿಸುವುದು, ಸಕ್ಕರೆ, ಮೂರ್ಛೆಗೆ ತಗೊಳ್ಳುವವರು, ಯಾವ ಕಷಾಯ ಕುಡಿಯುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೆರೆಸಿದ ಯಾವ ರಸವೂ ಬೇಡ. ನೀಲಗಿರಿ ಎಣ್ಣೆ ಮಕ್ಕಳ ಬಾಯಿಗೆ ಹೋಗದಂತೆ ಮೇಲಿಡಿ, ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು.

ಇನ್ನು ಕೆಲವು ಗಿಡಗಳನ್ನು ಮನೆಯ ಒಲೆ ಹತ್ತಿರ ತರಲೇಬೇಡಿ. ನಿತ್ಯಪುಷ್ಪದ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಅಗಿಯುವವರಿದ್ದಾರೆ. ಅದರಲ್ಲಿರುವ ವಿನ್‌ಕ್ರಿಸ್ಟಿನ್ ಕ್ಯಾನ್ಸರ್ ಔಷಧ, ಆಸ್ಪತ್ರೆಯಲ್ಲೂ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವಂಥದ್ದು. ಕಣಗಲೆ ಹೃದಯವನ್ನೇ ನಿಲ್ಲಿಸುತ್ತದೆ. ಸರ್ಪಗಂಧದ ರಿಸರ್ಪಿನ್ ಬಿಪಿಯನ್ನು ಪಾತಾಳಕ್ಕೆ ಇಳಿಸಬಹುದು.

ಇಡುವುದು

ಹಿಂಡಿದ ರಸ ಆಗಲೇ ಕುಡಿಯಬೇಕು. ಕಷಾಯ ಅದೇ ದಿನ ಮುಗಿಸಿ, ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ. ಆಮೇಲೆ ಗಿಡದ ಬುಡಕ್ಕೆ ಚೆಲ್ಲಿ. ಎಣ್ಣೆಗೆ ಕಂದು ಬಣ್ಣದ ಗಾಜಿನ ಬಾಟಲಿ. ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಳಗೆ ಒಂದು ಹನಿಯೂ ಇಲ್ಲದಂತೆ ಒಣಗಿಸಿರಬೇಕು. ಒದ್ದೆ ಕೈ, ಒದ್ದೆ ಚಮಚ ಹಾಕಬಾರದು.

ಬಾಟಲಿ ಮೇಲೆ ಒಂದು ಚೀಟಿ ಅಂಟಿಸಿ. ಗಿಡದ ಹೆಸರು, ಯಾವ ಭಾಗ, ಎಲ್ಲಿ ಕೊಯ್ದದ್ದು, ಯಾವುದರಲ್ಲಿ ಕಾಯಿಸಿದ್ದು, ತಾರೀಖು. ತಲೆಗೆ ಹಚ್ಚುವುದಾದರೆ 'ಕುಡಿಯುವುದಲ್ಲ' ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಮನೆಗೆ ಬಂದ ನೆಂಟರಿಗೆ, ಕನ್ನಡಕ ಹುಡುಕುತ್ತಿರುವ ಅಜ್ಜನಿಗೆ ಓದಲು ಬರುವಷ್ಟು ದಪ್ಪ.